ತರುಣರ ಆರೋಗ್ಯವೂ ಸಮುದಾಯದ ಬಾಳೂ

ಆರೋಗ್ಯದ ಮಾತು ಬಂದಾಗ ನಮ್ಮ ಮನಸ್ಸು ಮೊದಲು ಹರಿಯುವುದು ವೈದ್ಯನ ಕಡೆಗೆ, ಅನಂತರ ಅಡಿಗೆಮನೆಯ ಕಡೆಗೆ. ಔಷಧ, ಪಥ್ಯ, ವ್ಯಾಯಾಮ, ಶುಚಿತ್ವ ಇವಿಷ್ಟು ಸರಿಯಾಗಿದ್ದರೆ ದೇಹವು ತನ್ನಷ್ಟಕ್ಕೆ ತಾನು ನೆಟ್ಟಗಿರುತ್ತದೆಂಬ ಎಣಿಕೆ ವಿದ್ಯಾವಂತರಲ್ಲಿಯೂ ಸಾಮಾನ್ಯವಾದುದು. 1948ನೆಯ ಏಪ್ರಿಲ್ ತಿಂಗಳಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವು ಆರೋಗ್ಯದ ಲಕ್ಷಣವನ್ನು ಹೇಳುವಾಗ ದೇಹದ ಜೊತೆಗೆ ಮನಸ್ಸಿನ ಹಾಗೂ ಸಮಾಜಜೀವನದ ಸುಸ್ಥಿತಿಯನ್ನೂ ಸೇರಿಸಿಕೊಂಡಿತು. ಅಂದಿನಿಂದ ಈ ಮಾತನ್ನು ಸಭೆಗಳಲ್ಲಿ ಉದ್ಧರಿಸುವುದು ವಾಡಿಕೆಯಾಗಿದೆ. ಆದರೆ ಉದ್ಧರಿಸುವವರಲ್ಲಿ ಹೆಚ್ಚಿನವರು ಅದನ್ನು ಒಂದು ಸದಾಶಯವೆಂದು ಬಗೆಯುತ್ತಾರೆಯೇ ಹೊರತು ಅಳತೆಗೆ ಸಿಕ್ಕುವ ಸಂಗತಿಯೆಂದು ಬಗೆಯುವುದಿಲ್ಲ. ಸಮಾಜವು ತರುಣನ ಮೈಯನ್ನೂ ಪ್ರಾಣವನ್ನೂ ಮುಟ್ಟುತ್ತದೆಂಬುದು ಸದಾಶಯವಲ್ಲ. ಅದನ್ನು ತೂಗಿ ನೋಡಿದ್ದಾರೆ, ಎಣಿಸಿ ನೋಡಿದ್ದಾರೆ. ಹೀಗೆ ನಡೆದ ಕೆಲವು ಅಧ್ಯಯನಗಳನ್ನು, ಅವುಗಳಲ್ಲಿಯೂ ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಒಂದನ್ನು, ಇಲ್ಲಿ ತುಸು ವಿವರವಾಗಿ ಪರಿಶೀಲಿಸಬೇಕೆಂದಿದ್ದೇನೆ. ಹೊರನಾಡಿನಲ್ಲಿ ನೆಲಸಿ, ಮಕ್ಕಳ ಬಾಯಲ್ಲಿ ಕನ್ನಡವು ನಿಲ್ಲುವುದೋ ಇಲ್ಲವೋ ಎಂದು ಚಿಂತಿಸುವ ನಮಗೆ ಆ ಅಧ್ಯಯನವು ದೂರದ್ದಲ್ಲವೆಂಬುದು ಮುಂದೆ ತಾನಾಗಿಯೇ ತಿಳಿದೀತು.

ಮೊದಲು ತೂಕದ ಸಂಗತಿಯನ್ನು ನೋಡೋಣ. ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಜರ್ಮನಿಯಲ್ಲಿ ಆಹಾರಕ್ಕೆ ಬಹಳ ಅಭಾವವಿತ್ತು. ಅದರ ಪರಿಣಾಮವನ್ನು ಅರಿಯಲೆಂದು ಅಲ್ಲಿಗೆ ಹೋದ ಬ್ರಿಟಿಷ್ ವಿಜ್ಞಾನಿಗಳಲ್ಲಿ ಎಲ್ಸಿ ವಿಡೋಸನ್ ಎಂಬ ಆಹಾರಶಾಸ್ತ್ರಜ್ಞೆಯೂ ಒಬ್ಬರು. 1948ರಲ್ಲಿ ಅವರು ಎರಡು ಅನಾಥಾಲಯಗಳನ್ನು ಆರಿಸಿಕೊಂಡರು. ಒಂದೊಂದರಲ್ಲಿಯೂ ಸುಮಾರು ಐವತ್ತು ಮಕ್ಕಳು. ನಾಲ್ಕರಿಂದ ಹದಿನಾಲ್ಕು ವರ್ಷದವರು. ಅವರ ಲೇಖನದಲ್ಲಿ ಈ ಮನೆಗಳಿಗೆ ‘ಹಕ್ಕಿಗೂಡು’, ‘ಜೇನುಮನೆ’ ಎಂಬ ಅರ್ಥದ ಜರ್ಮನ್ ಹೆಸರುಗಳಿವೆ. ಮೊದಲ ಆರು ತಿಂಗಳು ಎರಡು ಮನೆಗಳ ಮಕ್ಕಳೂ ಸರಕಾರದ ಪಡಿತರವನ್ನಷ್ಟೆ ಉಣ್ಣಬೇಕು. ಮುಂದಿನ ಆರು ತಿಂಗಳು ಹಕ್ಕಿಗೂಡಿನ ಮಕ್ಕಳಿಗೆ ಬೇಕಾದಷ್ಟು ರೊಟ್ಟಿ, ಹೆಚ್ಚಿನ ಜಾಮ್, ಕಿತ್ತಳೆಯ ರಸ ಇವು ದೊರೆಯಬೇಕು. ಜೇನುಮನೆಯವರು ಪಡಿತರದಲ್ಲಿಯೇ ಇರಬೇಕು. ಹೆಚ್ಚು ಉಂಡವರು ಹೆಚ್ಚು ಬೆಳೆಯುತ್ತಾರೆ. ಎಷ್ಟು ಹೆಚ್ಚು ಎಂಬುದನ್ನು ಕಂಡುಕೊಂಡರಾಯಿತು ಎಂಬುದು ಯೋಜನೆ.

ಫಲವು ತಿರುಗುಮುರುಗಾಯಿತು. ಮೊದಲ ಆರು ತಿಂಗಳಲ್ಲಿ, ಊಟ ಒಂದೇ ಆಗಿದ್ದಾಗ, ಹಕ್ಕಿಗೂಡಿನ ಮಕ್ಕಳು ಜೇನುಮನೆಯವರಿಗಿಂತ ಹೆಚ್ಚು ತೂಕ ಪಡೆದರು. ಎರಡನೆಯ ಆರು ತಿಂಗಳಲ್ಲಿ, ಹಕ್ಕಿಗೂಡಿಗೆ ರೊಟ್ಟಿ ಜಾಮುಗಳು ಹೇರಳವಾಗಿ ಬಂದಾಗ, ಅಲ್ಲಿಯ ಮಕ್ಕಳ ಏಳಿಗೆ ಕುಂಠಿತವಾಯಿತು. ಬರಿಯ ಪಡಿತರದ ಜೇನುಮನೆಯ ಮಕ್ಕಳು ಅವರನ್ನು ಮೀರಿಸಿದರು. ಆಹಾರಶಾಸ್ತ್ರದ ಯಾವ ಲೆಕ್ಕಕ್ಕೂ ಇದು ಹೊಂದುವಂತಿರಲಿಲ್ಲ. ಕಾರಣವನ್ನು ಹುಡುಕುತ್ತ ಹೋದಾಗ ಕೈಗೆ ಸಿಕ್ಕಿದ್ದು ಒಬ್ಬ ಮೇಲ್ವಿಚಾರಕಿಯ ವರ್ಗಾವಣೆ. ಜೇನುಮನೆಯ ಮೇಲ್ವಿಚಾರಕಿ ಕಟುಸ್ವಭಾವದವಳು. ಮಕ್ಕಳೆಲ್ಲರೂ ಒಟ್ಟಿಗೆ ಸಿಕ್ಕುವ ಹೊತ್ತು ಊಟದ ಹೊತ್ತಾದುದರಿಂದ ಅದೇ ವೇಳೆಯನ್ನು ನೋಡಿಕೊಂಡು ಯಾರಾದರೊಬ್ಬರನ್ನು ಎಲ್ಲರೆದುರಿಗೆ ಜರೆಯುವುದು ಅವಳ ಪದ್ಧತಿ. ಹಕ್ಕಿಗೂಡಿನವಳಾದರೋ ಮಕ್ಕಳನ್ನು ಪ್ರೀತಿಯಿಂದ ಕಾಣುವವಳು. ಹೆಚ್ಚಿನ ಆಹಾರವು ಪ್ರಾರಂಭವಾಗುವ ಹೊತ್ತಿಗೆ ಸರಿಯಾಗಿ ಈ ಎರಡನೆಯವಳು ಕೆಲಸ ಬಿಟ್ಟು ಹೋದಳು. ಅವಳ ಸ್ಥಾನಕ್ಕೆ ಜೇನುಮನೆಯಿಂದ ಮೊದಲನೆಯವಳೇ ಬಂದಳು. ರೊಟ್ಟಿಯೂ ಬೈಗುಳವೂ ಒಂದೇ ಕಾಲಕ್ಕೆ ಹಕ್ಕಿಗೂಡನ್ನು ಹೊಕ್ಕವು. ಆ ಕಟುಸ್ವಭಾವದವಳಿಗೂ ಮೆಚ್ಚಿನ ಮಕ್ಕಳು ಎಂಟು ಮಂದಿ ಇದ್ದರು. ಹೊಸ ಮನೆಗೆ ಬರುವಾಗ ಅವಳು ಅವರನ್ನು ತನ್ನೊಡನೆ ಕರೆತಂದಳು. ಬೈಗುಳಕ್ಕೆ ಹೊರತಾಗಿದ್ದ ಆ ಎಂಟು ಮಂದಿ ಮಾತ್ರ ಉಳಿದವರಿಗಿಂತ ಚೆನ್ನಾಗಿ ಮೈತುಂಬಿಕೊಂಡರು. ಯಾರೂ ಯೋಜಿಸದೆ ತಾನಾಗಿ ಒದಗಿದ ಪ್ರಯೋಗವಿದು. 1951ರಲ್ಲಿ ವಿಡೋಸನ್ ಇದನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಊಟದ ಎಲೆಯ ಮುಂದೆ ಮಕ್ಕಳನ್ನು ಗದರಿಸಬಾರದೆಂದು ನಮ್ಮ ಮನೆಗಳ ಹಿರಿಯ ಹೆಂಗಸರು ಹೇಳುತ್ತಿದ್ದುದುಂಟು. ಅದಕ್ಕೆ ಇಂಥದೊಂದು ತೂಕದ ಪಟ್ಟಿ ಒದಗೀತೆಂದು ಅವರು ಎಣಿಸಿರಲಾರರು.

ಇದು ಹೇಗೆ ನಡೆಯುತ್ತದೆಂಬುದು ಇಂದು ಬಹುಮಟ್ಟಿಗೆ ತಿಳಿದಿದೆ. ಹ್ಯಾನ್ಸ್ ಸೆಲ್ಯೆ 1936ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ, ಬಗೆಬಗೆಯ ಪೀಡೆಗಳಿಗೆ ದೇಹವು ಒಂದೇ ರೀತಿಯಲ್ಲಿ ಮರುನುಡಿಯುತ್ತದೆಂದೂ, ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅದರಲ್ಲಿ ಮುಖ್ಯ ಪಾತ್ರ ವಹಿಸುತ್ತವೆಂದೂ ತೋರಿಸಿದರು. ಭಯವೂ ಅವಮಾನವೂ ಅಂಥ ಪೀಡೆಗಳೇ. ಅಲ್ಪಕಾಲ ಮಾತ್ರ ಇದ್ದರೆ ಈ ಪ್ರತಿಕ್ರಿಯೆ ದೇಹವನ್ನು ಕಾಪಾಡುತ್ತದೆ. ತಿಂಗಳುಗಟ್ಟಲೆ ಎಳೆದರೆ ಬೆಳವಣಿಗೆ, ನಿದ್ರೆ, ಜೀರ್ಣಶಕ್ತಿ, ರೋಗನಿರೋಧ ಎಲ್ಲವೂ ಏರುಪೇರಾಗುತ್ತವೆ. 1967ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವೈದ್ಯರು ಹದಿಮೂರು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಪ್ರೀತಿಯಿಲ್ಲದ ಮನೆಗಳಲ್ಲಿ ಬೆಳವಣಿಗೆಯೇ ನಿಂತುಹೋಗಿದ್ದ ಈ ಮಕ್ಕಳು, ಬೆಳವಣಿಗೆಯ ಹಾರ್ಮೋನನ್ನು ಕೊಡದೆಯೇ, ಮನೆಯಿಂದ ಹೊರಗೆ ತಂದು ಇರಿಸಿದ ಮಾತ್ರಕ್ಕೆ ಬೆಳೆಯತೊಡಗಿದರು.

ಇಷ್ಟು ಬಾಲ್ಯದ ಮಾತಾಯಿತು. ಹರೆಯದಲ್ಲಿ ಇದಕ್ಕೆ ಇನ್ನೊಂದು ತೊಡಕು ಕೂಡುತ್ತದೆ. ಹನ್ನೆರಡರಿಂದ ಇಪ್ಪತ್ತರವರೆಗಿನ ಅವಧಿಯಲ್ಲಿ ಮನುಷ್ಯನ ಮೈ ಬದಲಾಗುತ್ತದೆ, ಧ್ವನಿ ಬದಲಾಗುತ್ತದೆ, ಗೆಳೆಯರು ಬದಲಾಗುತ್ತಾರೆ, ನಿನ್ನೆಯ ನಂಬಿಕೆ ಇಂದು ನಗೆಗೀಡಾಗುತ್ತದೆ. ಇಷ್ಟೆಲ್ಲ ಬದಲಾದ ಮೇಲೂ ‘ನಾನು ಆ ಹಿಂದಿನವನೇ, ನಾಳೆ ಇರುವವನೂ ನಾನೇ’ ಎಂಬ ಭಾವವು ಉಳಿಯುವುದು ಹೇಗೆ? ಪ್ರೌಢರಿಗೆ ಇದು ಪ್ರಶ್ನೆಯೇ ಅಲ್ಲ. ತತ್ತ್ವಶಾಸ್ತ್ರದ ವಿದ್ಯಾರ್ಥಿಗೆ ಅದು ಒಂದು ಅಧ್ಯಾಯ. ಹದಿನೈದರ ಹುಡುಗನಿಗಾದರೋ ಅದು ಪ್ರಾಣದ ಪ್ರಶ್ನೆಯಾಗಬಲ್ಲದು. ನಾಳೆಯ ದಿನದಲ್ಲಿರುವವನು ತಾನಲ್ಲವೆಂದು ತೋರಿದವನಿಗೆ ನಾಳೆಯನ್ನು ಕಾಯಬೇಕೆಂಬ ಹಟವಿರುವುದಿಲ್ಲ. ಇಂದಿನ ದುಃಖವನ್ನು ನಾವು ಸಹಿಸುವುದು ಅದರ ಆಚೆಗೆ ನಮಗೊಂದು ಪಾಲಿದೆ ಎಂಬ ನಂಬಿಕೆಯಿಂದಲ್ಲವೆ?

ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಮೈಕೇಲ್ ಚಾಂಡ್ಲರ್ ಈ ಪ್ರಶ್ನೆಯನ್ನೇ ಹಿಡಿದು ಹೊರಟವರು. ತರುಣರನ್ನು ಕೂಡಿಸಿಕೊಂಡು ಅವರು ಕಥೆಗಳನ್ನು ಮುಂದಿಡುತ್ತಿದ್ದರು. ವಿಕ್ಟರ್ ಹ್ಯೂಗೋನ ‘ಲೆ ಮಿಸೆರಾಬ್ಲ್’ ಕಾದಂಬರಿಯಲ್ಲಿ ಸೆರೆಯಿಂದ ಬಂದ ಕಳ್ಳನೊಬ್ಬನು ಮುಂದೆ ಊರಿಗೆ ಉಪಕಾರಿಯಾದ ಸಜ್ಜನನಾಗುತ್ತಾನೆ. ಡಿಕನ್ಸನ ಕ್ರಿಸ್ಮಸ್ ಕಥೆಯಲ್ಲಿ ಕಡುಲೋಭಿಯು ಒಂದೇ ರಾತ್ರಿಯಲ್ಲಿ ದಾನಿಯಾಗುತ್ತಾನೆ. ಇವುಗಳನ್ನು ಚಿತ್ರಕಥೆಯ ರೂಪದಲ್ಲಿ ತೋರಿಸಿ, ಇವನು ಆ ಮೊದಲಿನವನೇ ಅಹುದೇ? ಅಹುದಾದರೆ ಹೇಗೆ? ಎಂದು ಕೇಳುವುದು, ಅನಂತರ ಅದೇ ಪ್ರಶ್ನೆಯನ್ನು ಆ ತರುಣನ ಸ್ವಂತ ಬಾಳಿಗೆ ಹೊರಳಿಸುವುದು. ನಮ್ಮ ಹುಡುಗರಲ್ಲಿ ಕೇಳುವುದಾದರೆ ಹ್ಯೂಗೋನವರೆಗೆ ಹೋಗಬೇಕಾಗಿಲ್ಲ. ದಾರಿಗರನ್ನು ಸುಲಿಯುತ್ತಿದ್ದ ಬೇಡನು ಹುತ್ತದಿಂದ ಎದ್ದು ವಾಲ್ಮೀಕಿಯಾದ ಕಥೆಯೇ ಸಾಕು.

ಬಹುಮಂದಿ ತರುಣರು ಏನಾದರೊಂದು ಉತ್ತರವನ್ನು ಕಂಡುಕೊಳ್ಳುತ್ತಿದ್ದರು. ಯುರೋಪಿಯನ್ ಮೂಲದವರಲ್ಲಿ ಹೆಚ್ಚಿನವರು, ಒಳಗಿನ ತಿರುಳು ಬದಲಾಗಿಲ್ಲ, ಆದುದರಿಂದ ಅವನೇ ಇವನು, ಎನ್ನುತ್ತಿದ್ದರು. ಮೂಲನಿವಾಸಿಗಳ ಮಕ್ಕಳಲ್ಲಿ ಹೆಚ್ಚಿನವರು ತಿರುಳಿನ ಮಾತನ್ನೆತ್ತದೆ, ಒಂದು ಸಂಗತಿಯಿಂದ ಇನ್ನೊಂದು ಹೇಗೆ ಹುಟ್ಟಿತೆಂಬುದನ್ನು ಕಥೆಯಾಗಿ ಹೇಳಿ ಅದರಿಂದಲೇ ಏಕತೆಯನ್ನು ಸಾಧಿಸುತ್ತಿದ್ದರು. ಎರಡೂ ಉತ್ತರಗಳೇ. ಆದರೆ ಪ್ರಾಣ ಕಳೆದುಕೊಳ್ಳಲು ಯತ್ನಿಸಿ ಆಸ್ಪತ್ರೆಗೆ ಸೇರಿದ ತರುಣರಲ್ಲಿ ಈ ಪ್ರಶ್ನೆಯನ್ನು ಕೇಳಿದಾಗ ಅವರಲ್ಲಿ ಬಹುಪಾಲಿಗೆ ಯಾವ ಉತ್ತರವೂ ಹೊಳೆಯಲಿಲ್ಲ. ಅವನು ಬೇರೆ, ಇವನು ಬೇರೆ. ನಾನೂ ಅಷ್ಟೆ, ಎಂದರು. ಅದೇ ಆಸ್ಪತ್ರೆಯಲ್ಲಿದ್ದು, ಮನಸ್ಸಿನ ಬೇರೆ ಬೇನೆಗಳಿಂದ ನರಳುತ್ತಿದ್ದರೂ ಆ ಯತ್ನಕ್ಕೆ ಕೈಹಾಕದ ತರುಣರಲ್ಲಿ ಈ ಶೂನ್ಯವು ಕಾಣಲಿಲ್ಲ.

ಒಬ್ಬ ತರುಣನ ಬಾಳಿನ ಎಳೆ ಕಡಿಯುವಂತೆ ಒಂದು ಜನಾಂಗದ ಬಾಳಿನ ಎಳೆಯೂ ಕಡಿಯಬಹುದಲ್ಲವೆ? ಕಡಿದರೆ ಅದರ ತರುಣರ ಗತಿಯೇನು? ಈ ಪ್ರಶ್ನೆಗೆ ಬ್ರಿಟಿಷ್ ಕೊಲಂಬಿಯಾಕ್ಕಿಂತ ತಕ್ಕ ಸ್ಥಳ ದುರ್ಲಭ. ಪೆಸಿಫಿಕ್ ಸಾಗರದ ಅಂಚಿನ ಆ ಪ್ರಾಂತದಲ್ಲಿ ಸುಮಾರು ಇನ್ನೂರು ಮೂಲನಿವಾಸಿ ಪಂಗಡಗಳಿವೆ; ಅವುಗಳ ನುಡಿಗಳು ಮೂವತ್ತಕ್ಕೂ ಹೆಚ್ಚು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಕೆನಡಾ ಸರಕಾರವು ಈ ಜನರ ಎಳೆಯನ್ನು ಕಡಿಯುವುದನ್ನೇ ನೀತಿಯನ್ನಾಗಿ ಮಾಡಿಕೊಂಡಿತು. ಮದುವೆ, ಮರಣ, ಹೆಸರಿಡುವಿಕೆ, ಹಕ್ಕುಬಾಧ್ಯತೆಗಳ ಹಸ್ತಾಂತರ ಎಲ್ಲವೂ ನಡೆಯುತ್ತಿದ್ದ ‘ಪಾಟ್‌ಲ್ಯಾಚ್’ ಎಂಬ ದಾನೋತ್ಸವವನ್ನು ಕಾನೂನಿನಿಂದ ನಿಷೇಧಿಸಲಾಯಿತು. 1885ರಿಂದ 1951ರವರೆಗೆ ಆ ನಿಷೇಧವಿತ್ತು. 1921ರಲ್ಲಿ ನಡೆದ ಒಂದು ಉತ್ಸವಕ್ಕಾಗಿ ಹಲವರನ್ನು ಬಂಧಿಸಿ, ವಂಶಪರಂಪರೆಯಿಂದ ಬಂದ ಮುಖವಾಡಗಳನ್ನು ಕಿತ್ತುಕೊಂಡು ವಸ್ತುಸಂಗ್ರಹಾಲಯಗಳಿಗೆ ಹಂಚಲಾಯಿತು. ಮಕ್ಕಳನ್ನು ತಂದೆತಾಯಿಗಳಿಂದ ಅಗಲಿಸಿ ದೂರದ ವಸತಿಶಾಲೆಗಳಲ್ಲಿ ಇರಿಸುವ ಪದ್ಧತಿ ಇನ್ನೂ ಕ್ರೂರವಾದುದು. 1920ರ ತಿದ್ದುಪಡಿಯಿಂದ ಅದು ಬಲಾತ್ಕಾರದ ರೂಪವನ್ನು ತಾಳಿತು. ತಾಯ್ನುಡಿಯಲ್ಲಿ ಮಾತಾಡಿದ ಮಗುವಿಗೆ ಅಲ್ಲಿ ಶಿಕ್ಷೆ ಕಾದಿರುತ್ತಿತ್ತು. ದೇಶದಾದ್ಯಂತ ಸುಮಾರು 1,50,000 ಮಕ್ಕಳು ಈ ಶಾಲೆಗಳನ್ನು ಹಾದುಬಂದರು. ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದ ಉತ್ತರಾರ್ಧದಲ್ಲಿ. 2015ರಲ್ಲಿ ವರದಿಯನ್ನೊಪ್ಪಿಸಿದ ಸತ್ಯ ಮತ್ತು ಸಮನ್ವಯ ಆಯೋಗವು ಇದನ್ನು ಸಾಂಸ್ಕೃತಿಕ ಜನಾಂಗಹತ್ಯೆ ಎಂದೇ ಕರೆಯಿತು. ಈ ಮಾತು ಅತ್ಯುಕ್ತಿಯೆಂದು ನನಗೆ ತೋರುವುದಿಲ್ಲ.

ಮೂಲನಿವಾಸಿ ತರುಣರಲ್ಲಿ ಆತ್ಮಹತ್ಯೆಯ ಪ್ರಮಾಣವು ಕೆನಡಾದ ಉಳಿದ ತರುಣರಿಗಿಂತ ಹಲವು ಪಟ್ಟು ಹೆಚ್ಚೆಂಬುದು ಬಹುಕಾಲದಿಂದ ತಿಳಿದಿತ್ತು. ಅದನ್ನು ಆ ಜನರ ಸಹಜ ದೌರ್ಬಲ್ಯವೆಂಬಂತೆ ಹೇಳುವವರೂ ಇದ್ದರು. ಚಾಂಡ್ಲರ್ ಮತ್ತು ವಿಕ್ಟೋರಿಯಾ ವಿಶ್ವವಿದ್ಯಾಲಯದ ಕ್ರಿಸ್ಟೊಫರ್ ಲಲೋಂಡ್ ಇಬ್ಬರೂ ಸೇರಿ ಮಾಡಿದ ಮೊದಲ ಕೆಲಸವೆಂದರೆ ಈ ಒಟ್ಟು ಸಂಖ್ಯೆಯನ್ನು ಬಿಡಿಸಿ ಪಂಗಡವಾರಾಗಿ ಹಂಚಿ ನೋಡಿದ್ದು. 1987ರಿಂದ 1992ರವರೆಗಿನ ಅಂಕಿಗಳನ್ನು ಅವರು ತೆಗೆದುಕೊಂಡರು. ಅರ್ಧಕ್ಕಿಂತ ಹೆಚ್ಚು ಪಂಗಡಗಳಲ್ಲಿ ಆ ಅವಧಿಯಲ್ಲಿ ಒಬ್ಬ ತರುಣನೂ ಪ್ರಾಣ ಕಳೆದುಕೊಂಡಿರಲಿಲ್ಲ. ಕೆಲವು ಪಂಗಡಗಳಲ್ಲಿ ಮಾತ್ರ ಪ್ರಮಾಣವು ಊಹಿಸಲಾಗದಷ್ಟು ಏರಿತ್ತು. ‘ಮೂಲನಿವಾಸಿಗಳ ಆತ್ಮಹತ್ಯೆಯ ಪ್ರಮಾಣ’ ಎಂಬ ಒಂದು ಸರಾಸರಿ ಸಂಖ್ಯೆ ಯಾವ ಊರಿನ ನಿಜವನ್ನೂ ಹೇಳುತ್ತಿರಲಿಲ್ಲ.

ಹಾಗಾದರೆ ಭೇದವೆಲ್ಲಿ? 1998ರಲ್ಲಿ ಪ್ರಕಟವಾದ ಲೇಖನದಲ್ಲಿ ಅವರು ಆರು ಗುರುತುಗಳನ್ನು ಹಿಡಿದರು. ಪಂಗಡವು ತನ್ನ ನೆಲದ ಹಕ್ಕಿಗಾಗಿ ಸರಕಾರದೊಡನೆ ಹೋರಾಡುತ್ತಿದೆಯೇ, ಸ್ವಯಮಾಡಳಿತವನ್ನು ಸ್ವಲ್ಪವಾದರೂ ಪಡೆದಿದೆಯೇ, ಶಾಲೆ ಅದರ ಕೈಯಲ್ಲಿದೆಯೇ, ಪೊಲೀಸು ಮತ್ತು ಅಗ್ನಿಶಾಮಕ ವ್ಯವಸ್ಥೆ ಅದರದೇ, ವೈದ್ಯಸಹಾಯವನ್ನು ಅದೇ ನಡೆಸುತ್ತಿದೆಯೇ, ತನ್ನ ಸಂಸ್ಕೃತಿಗೆಂದು ಒಂದು ಮನೆಯನ್ನು ಕಟ್ಟಿಕೊಂಡಿದೆಯೇ ಎಂಬಿವೇ ಆರು. ಇವುಗಳಲ್ಲಿ ಒಂದೂ ಇಲ್ಲದ ಪಂಗಡಗಳಲ್ಲಿ ತರುಣರ ಆತ್ಮಹತ್ಯೆಯ ಪ್ರಮಾಣ ವರ್ಷಕ್ಕೆ ಲಕ್ಷಕ್ಕೆ 137.5. ಗುರುತುಗಳು ಹೆಚ್ಚಿದಂತೆ ಪ್ರಮಾಣ ಇಳಿಯುತ್ತ ಬಂದು, ಆರೂ ಇರುವಲ್ಲಿ ಸೊನ್ನೆಗೆ ನಿಂತಿತು. ಬಿಡಿಬಿಡಿಯಾಗಿ ನೋಡಿದರೆ ಸ್ವಯಮಾಡಳಿತದ ಬಲವೇ ಎಲ್ಲಕ್ಕಿಂತ ಹೆಚ್ಚು. 1993ರಿಂದ 2000ದವರೆಗಿನ ಅಂಕಿಗಳನ್ನು ತೆಗೆದುಕೊಂಡು, ಪಂಗಡದ ಆಡಳಿತದಲ್ಲಿ ಹೆಂಗಸರ ಪಾಲು, ಮಕ್ಕಳ ರಕ್ಷಣೆಯ ಅಧಿಕಾರ ಎಂಬ ಎರಡು ಗುರುತುಗಳನ್ನೂ ಸೇರಿಸಿ ನೋಡಿದಾಗಲೂ ಚಿತ್ರ ಬದಲಾಗಲಿಲ್ಲ.

2007ರಲ್ಲಿ ಡಾರ್ಸಿ ಹ್ಯಾಲೆಟ್ ಅವರೊಡನೆ ಇವರಿಬ್ಬರೂ ನುಡಿಯನ್ನು ಕುರಿತು ಪ್ರತ್ಯೇಕವಾಗಿ ಬರೆದರು. ಪಂಗಡದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ನುಡಿಯಲ್ಲಿ ಸಂಭಾಷಿಸಬಲ್ಲೆವೆಂದು ಜನಗಣತಿಯಲ್ಲಿ ಹೇಳಿದ ಕಡೆ ತರುಣರ ಆತ್ಮಹತ್ಯೆಯ ಪ್ರಮಾಣ ಲಕ್ಷಕ್ಕೆ 13. ಅರ್ಧಕ್ಕಿಂತ ಕಡಮೆಯಿದ್ದ ಕಡೆ 96ಕ್ಕಿಂತ ಹೆಚ್ಚು. ಮೊದಲಿನ ಆರು ಗುರುತುಗಳಿಗಿಂತ ನುಡಿಯ ಗುರುತು ತಾನೊಂದೇ ಹೆಚ್ಚು ನಿಚ್ಚಳವಾಗಿ ಭೇದವನ್ನು ತೋರಿಸಿತು.

ಈ ಸಂಖ್ಯೆಗಳನ್ನು ಕಂಡೊಡನೆ ನಮ್ಮಂಥವರಿಗೆ ಉಬ್ಬುವ ಮನಸ್ಸಾಗುವುದು ಸಹಜ. ನಾಳೆಯೇ ಯಾರಾದರೊಬ್ಬರು ರಾಜ್ಯೋತ್ಸವದ ವೇದಿಕೆಯಿಂದ ‘ತಾಯ್ನುಡಿಯು ಮಕ್ಕಳ ಪ್ರಾಣವನ್ನು ಉಳಿಸುತ್ತದೆಂದು ವಿಜ್ಞಾನವು ಸಿದ್ಧಪಡಿಸಿದೆ’ ಎಂದಾರು. ಅಷ್ಟು ಅವಸರ ಬೇಡ. ಮೊದಲನೆಯದಾಗಿ, ಇವು ಪಂಗಡಗಳ ಹೋಲಿಕೆಗಳು, ವ್ಯಕ್ತಿಗಳ ಹೋಲಿಕೆಗಳಲ್ಲ. ನುಡಿ ಬಲ್ಲ ತರುಣನು ಬದುಕಿದ, ನುಡಿ ಅರಿಯದವನು ಸತ್ತ ಎಂದು ಇಲ್ಲಿ ಹೇಳಿಲ್ಲ. ನುಡಿಯು ಜೀವಂತವಾಗಿರುವ ಊರಿನಲ್ಲಿ, ಅದನ್ನು ಅರ್ಧಂಬರ್ಧ ಬಲ್ಲವನಿಗೂ ಏನೋ ಒಂದು ರಕ್ಷೆ ದೊರೆತಿದೆ ಎಂದಷ್ಟೆ ಹೇಳಬಹುದು. ಎರಡನೆಯದಾಗಿ, ಕೆಲವು ನೂರು ಜನರಿರುವ ಪಂಗಡದಲ್ಲಿ ಐದಾರು ವರ್ಷ ಇಂಥ ಸಾವು ಸಂಭವಿಸದಿರುವುದು ಬರಿಯ ಆಕಸ್ಮಿಕವೂ ಆಗಿರಬಹುದು. ಆದುದರಿಂದಲೇ ಸಂಶೋಧಕರು ಒಂದೊಂದು ಪಂಗಡವನ್ನು ನೆಚ್ಚದೆ, ಒಂದೇ ಬಗೆಯ ಪಂಗಡಗಳನ್ನೆಲ್ಲ ಕೂಡಿಸಿ ಪ್ರಮಾಣವನ್ನು ತೆಗೆದರು. ಮೂರನೆಯದು ಇನ್ನೂ ಸೂಕ್ಷ್ಮವಾದ ಆಕ್ಷೇಪ. ಶಾಲೆಯನ್ನು ತಾವೇ ನಡೆಸುವಷ್ಟು ಒಗ್ಗಟ್ಟು ಇರುವ ಜನ ತಮ್ಮ ಮಕ್ಕಳನ್ನೂ ಚೆನ್ನಾಗಿ ನೋಡಿಕೊಂಡಾರು. ಹಾಗಿದ್ದರೆ ಶಾಲೆಯು ಕಾರಣವಲ್ಲ, ಒಗ್ಗಟ್ಟಿನ ಇನ್ನೊಂದು ಫಲ. ಕಾರ್ಯಕಾರಣವನ್ನು ಹೀಗೆ ಪೂರ್ತಿಯಾಗಿ ಬಿಡಿಸಲು ಈ ಬಗೆಯ ಎಣಿಕೆಯಿಂದ ಸಾಧ್ಯವಿಲ್ಲ.

ಆದರೂ ಈ ಆಕ್ಷೇಪಗಳಿಂದ ಅಧ್ಯಯನದ ಮುಖ್ಯ ಮಾತು ಬಿದ್ದುಹೋಗುವುದಿಲ್ಲ. ಫ್ರೆಂಚ್ ಸಮಾಜಶಾಸ್ತ್ರಜ್ಞ ಡರ್ಕ್‌ಹೈಮ್ 1897ರಲ್ಲಿಯೇ, ವ್ಯಕ್ತಿಯ ಅತ್ಯಂತ ಏಕಾಂತದ ಕೃತ್ಯವೆನಿಸುವ ಆತ್ಮಹತ್ಯೆಯ ಪ್ರಮಾಣವೂ ಸಮಾಜದ ಕಟ್ಟನ್ನು ಅವಲಂಬಿಸಿದೆಯೆಂದು ವಾದಿಸಿದ್ದನು. ಬ್ರಿಟಿಷ್ ಕೊಲಂಬಿಯಾದ ಅಧ್ಯಯನವು ಅದಕ್ಕೆ ಒಂದು ಹೊಸ ಅಂಶವನ್ನು ಕೂಡಿಸಿತು. ಬರಿಯ ಒಗ್ಗಟ್ಟು ಸಾಲದು. ಸಮುದಾಯದ ಕೈಯಲ್ಲಿ ತನ್ನ ನಾಳೆಯಿರಬೇಕು. ಆರು ಗುರುತುಗಳನ್ನು ಇನ್ನೊಮ್ಮೆ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಅವುಗಳಲ್ಲಿ ಹಳೆಯದನ್ನು ಕಾಪಾಡುವಂಥದು ಸಂಸ್ಕೃತಿಯ ಮನೆ ಒಂದೇ. ಉಳಿದ ಐದೂ ಇಂದಿನ ಮತ್ತು ಮುಂದಿನ ವ್ಯವಹಾರದವು: ನೆಲ, ಆಡಳಿತ, ಶಾಲೆ, ಪೊಲೀಸು, ಆಸ್ಪತ್ರೆ. ಸೀಷೆಲ್ಟ್ ಎಂಬ ಪಂಗಡವು 1986ರಲ್ಲಿ ಶಾಸನದ ಮೂಲಕ ಸ್ವಯಮಾಡಳಿತವನ್ನು ಪಡೆಯಿತು. ನಿಸ್ಗಾ ಜನರ ಒಪ್ಪಂದವು 2000ದ ಮೇ ತಿಂಗಳಲ್ಲಿ ಜಾರಿಗೆ ಬಂದಿತು. ಸಂಸ್ಕೃತಿಯ ಮನೆಗಳೂ ಪಳೆಯುಳಿಕೆಗಳ ಕೋಣೆಗಳಲ್ಲ. 1921ರಲ್ಲಿ ಕಿತ್ತುಕೊಂಡ ಮುಖವಾಡಗಳನ್ನು ಮರಳಿ ಪಡೆದವರು ಅಲರ್ಟ್ ಬೇ ಎಂಬಲ್ಲಿ 1980ರಲ್ಲಿ ಒಂದು ಕೇಂದ್ರವನ್ನು ತೆರೆದರು; ‘ಊಮಿಸ್ತ’ ಎಂಬ ಅದರ ಹೆಸರಿಗೆ, ಅಮೂಲ್ಯವಾದುದು ಹಿಂತಿರುಗಿ ಬರುವುದು ಎಂದರ್ಥ. ಅದೇ ಊರಿನ ಹಳೆಯ ವಸತಿಶಾಲೆಯ ಕಟ್ಟಡವನ್ನು 2015ರಲ್ಲಿ ಕೆಡವಿಹಾಕಿದರು.

ಇನ್ನು ನಮ್ಮ ಕಡೆಗೆ ತಿರುಗೋಣ. ಹೊರನಾಡಿನ ಕನ್ನಡಿಗರನ್ನು ಆ ಜನರೊಡನೆ ಸಮನಾಗಿ ಹೋಲಿಸುವುದು ಸಲ್ಲದು. ನಮ್ಮ ನೆಲವನ್ನು ಯಾರೂ ಕಸಿದುಕೊಂಡಿಲ್ಲ. ನಮ್ಮ ಮಕ್ಕಳನ್ನು ಯಾರೂ ಎಳೆದೊಯ್ದಿಲ್ಲ. ಹೊಟ್ಟೆಪಾಡಿಗಾಗಿಯೋ ಉದ್ಯೋಗಕ್ಕಾಗಿಯೋ ವಿದ್ಯೆಗಾಗಿಯೋ ನಾವಾಗಿ ಬಂದವರು. ಹಾಗಿದ್ದರೂ ಒಂದು ನಿಜವಾದ ಹೋಲಿಕೆಯುಂಟು, ಅದು ಮುಂಬಯಿಯ ರಾತ್ರಿಶಾಲೆಗಳದು. ದಕ್ಷಿಣ ಕನ್ನಡದ ಕಡೆಯಿಂದ ಎಳೆಯ ಪ್ರಾಯದಲ್ಲಿಯೇ ಮುಂಬಯಿಗೆ ಬಂದ ಹುಡುಗರು ಹಗಲಲ್ಲಿ ಹೋಟೆಲುಗಳಲ್ಲಿ ಲೋಟ ತೊಳೆದು, ಮೇಜು ಒರಸಿ, ರಾತ್ರಿ ಕನ್ನಡ ಶಾಲೆಗೆ ಹೋಗುತ್ತಿದ್ದರು. ಅವರಲ್ಲಿ ಅನೇಕರ ಮನೆಮಾತು ತುಳುವೋ ಕೊಂಕಣಿಯೋ ಆಗಿತ್ತೆಂಬುದನ್ನು ನಾವು ಮರೆಯುವುದುಂಟು. ಅವರಿಗೆ ಕನ್ನಡವು ತೊಟ್ಟಿಲ ನುಡಿಯಾಗಿರಲಿಲ್ಲ. ಊರಿನ ಶಾಲೆಯ ನುಡಿ, ಕಾಗದ ಬರೆಯುವ ನುಡಿ, ಊರಿಗೂ ಈ ನಗರಕ್ಕೂ ನಡುವೆ ಎಳೆಯನ್ನು ಕಟ್ಟುವ ನುಡಿಯಾಗಿತ್ತು. ಆ ಶಾಲೆಗಳನ್ನು ನಡೆಸಿದವರು ಅವರವರ ಸಮಾಜದವರೇ, ಸಂಘಗಳವರೇ. ಹಗಲಿನಲ್ಲಿ ‘ಏ ಹುಡುಗಾ’ ಎನ್ನಿಸಿಕೊಂಡವನನ್ನು ರಾತ್ರಿ ಹಾಜರಿಪುಸ್ತಕದಲ್ಲಿ ತಂದೆಯ ಹೆಸರಿನೊಡನೆ ಕೂಗುವವರೊಬ್ಬರಿದ್ದರು. ಅಲ್ಲಿ ಕಲಿತ ಗಣಿತ, ವ್ಯಾಕರಣಗಳಿಗಿಂತ ಈ ಕೂಗು ಆ ಹುಡುಗರ ಮೈಮನಸ್ಸುಗಳನ್ನು ಹೆಚ್ಚಾಗಿ ಕಾಪಾಡಿರಬೇಕೆಂಬುದು ನನ್ನ ಅಭಿಪ್ರಾಯ. ನಿನ್ನೆ ಊರಿನಲ್ಲಿದ್ದವನೂ ನಾಳೆ ಮೆಟ್ರಿಕ್ ಮುಗಿಸುವವನೂ ಒಬ್ಬನೇ ಎಂಬ ಭಾವವು ಆ ಕೂಗಿನಲ್ಲಿ ದಿನವೂ ದೃಢವಾಗುತ್ತಿತ್ತು.

ಈಗಿನ ನಮ್ಮ ಮಕ್ಕಳ ಸ್ಥಿತಿ ಬೇರೆ. ಅವರು ಲೋಟ ತೊಳೆಯುತ್ತಿಲ್ಲ; ಒಳ್ಳೆಯ ಶಾಲೆ, ಒಳ್ಳೆಯ ಊಟ, ಕರೆದಾಗ ಬರುವ ವೈದ್ಯ ಎಲ್ಲವೂ ಅನೇಕರಿಗೆ ಉಂಟು. ಸಂಘಗಳೂ ಉಂಟು. ಆದರೆ ಸಂಘದಲ್ಲಿ ಹದಿನೆಂಟರ ಹುಡುಗ ಹುಡುಗಿಯರ ಕೆಲಸವೇನು? ಅತಿಥಿಗಳಿಗೆ ಹೂಗುಚ್ಛ ಕೊಡುವುದು, ಪ್ರಾರ್ಥನೆ ಹಾಡುವುದು, ಕುರ್ಚಿ ಜೋಡಿಸುವುದು. ಕಾರ್ಯಕಾರಿ ಸಮಿತಿಯಲ್ಲಿ ಅರುವತ್ತು ದಾಟಿದವರೇ ಕುಳಿತು, ಯುವಕರು ಬರುತ್ತಿಲ್ಲವೆಂದು ಪ್ರತಿವರ್ಷದ ವರದಿಯಲ್ಲಿ ಬರೆಯುತ್ತಾರೆ. ಸ್ವಯಮಾಡಳಿತವೇ ಎಲ್ಲಕ್ಕಿಂತ ಬಲವಾದ ಗುರುತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಆಡಳಿತದಲ್ಲಿ ಪಾಲಿಲ್ಲದ ಸಂಸ್ಕೃತಿಯು ತರುಣನಿಗೆ ಇನ್ನೊಂದು ಪಠ್ಯವಿಷಯ, ಅದೂ ಅಂಕ ದೊರೆಯದ ವಿಷಯ. ಕನ್ನಡ ಬಾರದೆಂದು ಬಂಧುಗಳ ಎದುರಿನಲ್ಲಿ ಮಗುವನ್ನು ನಾಚಿಸುವವರು ಜೇನುಮನೆಯ ಮೇಲ್ವಿಚಾರಕಿಯನ್ನು ನೆನೆಯುವುದು ಒಳ್ಳೆಯದು. ಅಲ್ಲಿ ರೊಟ್ಟಿಯಂತೆ ಇಲ್ಲಿ ನುಡಿಯೂ ಮೈಗೆ ಹತ್ತುವುದಿಲ್ಲ.

ನಮ್ಮ ದೇಶದಲ್ಲಿ ಈ ವಿಷಯದ ಗಾತ್ರವನ್ನೂ ಹೇಳಬೇಕು. ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ ಪ್ರಕಾರ 2022ರಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಇಂಥ ಸಾವು ಸಂಭವಿಸಿದಾಗಲೆಲ್ಲ ವಾರ್ತಾಪತ್ರಿಕೆಗಳು ಒಂದು ಪರೀಕ್ಷೆಯನ್ನೋ ಒಂದು ಬೈಗುಳವನ್ನೋ ಕಾರಣವೆಂದು ತೋರಿಸುತ್ತವೆ. ಕಾರಣ ಒಂದೇ ಇರುವುದು ಅಪರೂಪ. ಪರೀಕ್ಷೆಯಲ್ಲಿ ತಪ್ಪಿದವರೆಲ್ಲರೂ ಹಾಗೆ ಮಾಡುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನದಲ್ಲಿ 2022ರ ಅಕ್ಟೋಬರಿನಿಂದ ‘ಟೆಲಿ ಮಾನಸ್’ ಎಂಬ ಸರಕಾರದ ದೂರವಾಣಿ ಸೇವೆ ನಡೆಯುತ್ತಿದೆ. ಅದರ ಸಂಖ್ಯೆ 14416, ಕನ್ನಡದಲ್ಲಿಯೂ ಮಾತಾಡಬಹುದು. ಸಂಘಗಳ ಸೂಚನಾಫಲಕದಲ್ಲಿ ಇದಕ್ಕೊಂದು ಸ್ಥಳ ಕೊಡುವುದಕ್ಕೆ ಯಾವ ಸಮಿತಿಯ ನಿರ್ಣಯವೂ ಬೇಕಾಗಲಾರದು.

ಎಣಿಕೆಯಿಂದ ಕಾರ್ಯಕಾರಣವನ್ನು ಬಿಡಿಸಲಾಗದೆಂದು ಮೇಲೆ ಹೇಳಿದೆನಷ್ಟೆ. ಅದನ್ನು ಬಿಡಿಸುವ ದಾರಿ ಪ್ರಯೋಗ. ಅಂಥದೊಂದು ಬಿಹಾರದ ನಳಂದಾ ಜಿಲ್ಲೆಯಲ್ಲಿ ನಡೆದಿದೆ. ಗೋವೆಯ ‘ಸಂಗಾತ್’ ಸಂಸ್ಥೆಯವರು ಅಲ್ಲಿಯ 74 ಸರಕಾರಿ ಪ್ರೌಢಶಾಲೆಗಳನ್ನು ಚೀಟಿಯೆತ್ತಿದಂತೆ ಮೂರು ಪಾಲು ಮಾಡಿದರು. ಒಂದು ಪಾಲಿನಲ್ಲಿ ವೈದ್ಯರಲ್ಲದ, ಶಿಕ್ಷಕರೂ ಅಲ್ಲದ, ಆ ಸೀಮೆಯವರೇ ಆದ ಒಬ್ಬೊಬ್ಬ ಸಲಹೆಗಾರರನ್ನು ಶಾಲೆಗೆ ನೇಮಿಸಿದರು. ಎರಡನೆಯದರಲ್ಲಿ ಅದೇ ಕೆಲಸವನ್ನು ಶಾಲೆಯ ಶಿಕ್ಷಕರೊಬ್ಬರಿಗೆ ಒಪ್ಪಿಸಿದರು. ಮೂರನೆಯದನ್ನು ಮೊದಲಿದ್ದಂತೆ ಬಿಟ್ಟರು. ಕೆಲಸವೇನೂ ದೊಡ್ಡದಲ್ಲ: ಹೆಸರು ಹಾಕದೆ ದೂರನ್ನೋ ಪ್ರಶ್ನೆಯನ್ನೋ ಬರೆದು ಹಾಕಲು ಒಂದು ಪೆಟ್ಟಿಗೆ, ಮಕ್ಕಳೂ ಕೂಡಿದ ಆರೋಗ್ಯಸಮಿತಿ, ಸ್ಪರ್ಧೆಗಳು, ಬೇಕಾದವರಿಗೆ ಏಕಾಂತದಲ್ಲಿ ಸಮಾಲೋಚನೆ, ಮತ್ತು ಒಂದು ಗೋಡೆಪತ್ರಿಕೆ. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸಲಹೆಗಾರರಿದ್ದ ಶಾಲೆಗಳಲ್ಲಿ ಮಕ್ಕಳ ಖಿನ್ನತೆ ಇಳಿದಿತ್ತು. ಒಬ್ಬರನ್ನೊಬ್ಬರು ಪೀಡಿಸುವುದೂ ಹೊಡೆದಾಟವೂ ಕಡಮೆಯಾಗಿದ್ದವು. ಶಾಲೆ ನಮ್ಮದು, ಇಲ್ಲಿ ನಮ್ಮನ್ನು ಕೇಳುವವರಿದ್ದಾರೆ ಎಂಬ ಭಾವ ಹೆಚ್ಚಿತ್ತು. ಶಿಕ್ಷಕರಿಗೆ ಒಪ್ಪಿಸಿದ ಶಾಲೆಗಳಲ್ಲಿ, ಪೆಟ್ಟಿಗೆಯೂ ಪತ್ರಿಕೆಯೂ ಸಮಿತಿಯೂ ಅವೇ ಇದ್ದರೂ, ಏನೂ ಬದಲಾಗಿರಲಿಲ್ಲ. ಶಿಕ್ಷಕರಿಗೆ ಪಾಠದ ಹೊರೆಯಿತ್ತೆಂಬುದು ಒಂದು ಕಾರಣವಾಗಿರಬಹುದು. ಪೆಟ್ಟಿಗೆಯಲ್ಲಿ ಚೀಟಿ ಹಾಕುವ ಹುಡುಗಿಗೆ, ಅದನ್ನು ತೆರೆದು ಓದುವವರೇ ನಾಳೆ ತನಗೆ ಅಂಕ ಕೊಡುವವರೂ ಎಂಬ ಅರಿವಿದ್ದುದು ಇನ್ನೊಂದು ಕಾರಣವೆಂದು ನನಗೆ ತೋರುತ್ತದೆ. ಎರಡನೆಯ ವರ್ಷವೂ ಕೆಲಸವನ್ನು ಮುಂದುವರಿಸಿ ನೋಡಿದಾಗ ಸಲಹೆಗಾರರ ಶಾಲೆಗಳಲ್ಲಿ ಲಾಭವು ಮೊದಲಿಗಿಂತ ಹೆಚ್ಚಿತ್ತೆಂದು 2020ರ ವರದಿ ಹೇಳುತ್ತದೆ.